ನೋವು ಹೋಯ್ತು ಅಂತ ಮದ್ದು ಬಿಡಬೇಡಿ

ನಮಸ್ಕಾರ. ಹೋದ ಸಂಚಿಕೆಗೆ ಬಂದ ಒಂದು ಕಾಮೆಂಟ್ ತಲೇಲಿ ಕೊರೀತಾನೇ ಇದೆ. "ಅಮ್ಮನ ಬೆನ್ನುಮೂಳೆ ಕುಸಿದಿತ್ತು. ಮೂರು ತಿಂಗಳಿಗೆ ನೋವು ಹೋಯ್ತು. ಈಗ ಆರಾಮಾಗಿದ್ದಾರೆ, ಮದ್ದೆಲ್ಲ ನಿಲ್ಲಿಸಿದ್ವಿ." ಅದಕ್ಕೆ ಸಾಲುಸಾಲು ಲೈಕು ಬೇರೆ!

ಅಲ್ಲಾ, ನೋವು ಹೋಯ್ತು ಸರಿ. ಮೂಳೆ ಗಟ್ಟಿಯಾಯ್ತು ಅಂತ ಹೇಳಿದ್ಯಾರು? ಬೆನ್ನುಮೂಳೆ ಅಂದ್ರೆ ಮಣಿ ಮಣಿ ಜೋಡಿಸಿದ ಹಾಗೆ. ಕುಸಿದ ಮಣಿಯ ನೋವು ಸಾಮಾನ್ಯವಾಗಿ 6ರಿಂದ 12 ವಾರದಲ್ಲಿ ತಾನಾಗೇ ಇಳಿಯುತ್ತೆ. ಅದನ್ನ ಕುಸಿಸಿದ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಟೊಳ್ಳಾಗೋ ಕಾಯಿಲೆ, ಬೆನ್ನಲ್ಲಿ ಹಾಗೇ ಕೂತಿರುತ್ತೆ. ಒಂದು ಮಣಿ ಕುಸಿದ ಹೆಂಗಸರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತೆ.

ಬಿದ್ದೇ ಮುರೀಬೇಕು ಅಂತೇನಿಲ್ಲ. ನೆಲದ ಮೇಲಿನ ಬಕೆಟ್ ಎತ್ತೋಕೆ ಬಗ್ಗಿದ್ರೆ ಸಾಕು, ಭಾರವೆಲ್ಲ ಮಣಿಯ ಮುಂಭಾಗಕ್ಕೆ ಬೀಳುತ್ತೆ. ಒಳಗಿನ ಸ್ಪಂಜಿನಂಥ ಮೂಳೆ ಟೊಳ್ಳಾಗಿದ್ರೆ ಮುಂಭಾಗ ಚಪ್ಪಟೆಯಾಗುತ್ತೆ, ಹಿಂಭಾಗ ಹಾಗೇ ನಿಲ್ಲುತ್ತೆ, ಮಣಿ ಬೆಣೆ ಆಗುತ್ತೆ. ಎದೆಗೂಡು ಮುಗಿದು ಸೊಂಟ ಶುರುವಾಗೋ ಟಿ12, ಎಲ್1 ಅನ್ನೋ ಮಣಿಗಳ ಹತ್ತಿರ ಇದು ಜಾಸ್ತಿ. ಇಂಥ ಬೆಣೆ ಎರಡು ಮೂರು ಸೇರಿದ್ರೆ ಗೂನು. ಪಕ್ಕೆಲುಬು ಸೊಂಟದ ಮೂಳೆ ಹತ್ತಿರಕ್ಕೆ ಇಳಿಯುತ್ತೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತೆ, ಉಸಿರು ಸಾಲದಾಗುತ್ತೆ. ವಯಸ್ಸಾಯ್ತು ಬಗ್ಗಿದ್ರು ಅಂತ ಸುಮ್ಮನಿರಬೇಡಿ. ಪ್ರಾಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಮ್ಮಿಯಾಗಿದ್ರೆ ಬೆನ್ನಿನ ಎಕ್ಸ್‌ರೇ ತೆಗೆಸಿ, ನೋವಿರಲಿ ಇಲ್ಲದಿರಲಿ.

"ಕ್ಯಾಲ್ಸಿಯಂ ಕೊಡ್ತಿದೀವಲ್ಲ." ಕೊಡಿ, ಊಟ ಮಾತ್ರೆ ಸೇರಿ ದಿನಕ್ಕೆ 1,200 ಮಿಲಿಗ್ರಾಂ, ಜೊತೆಗೆ ವಿಟಮಿನ್ ಡಿ 800 ಯೂನಿಟ್. ಅದು ಇಟ್ಟಿಗೆ. ಗೋಡೆ ಉದುರೋದನ್ನ ತಡೆಯೋ ಮದ್ದು ಬೇರೆ. ಅಲೆಂಡ್ರೋನೇಟ್ ಮಾತ್ರೆ ವಾರಕ್ಕೊಂದು, 70 ಮಿಲಿಗ್ರಾಂ. ಬೆಳಿಗ್ಗೆ ಖಾಲಿ ಹೊಟ್ಟೇಲಿ, ಲೋಟ ತುಂಬ ಬರೀ ನೀರಲ್ಲಿ. ಆಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ. ಕಾಫಿ ಜೊತೆ ನುಂಗಿದ್ರೆ ಮೈಗೆ ಹತ್ತಲ್ಲ, ನುಂಗಿ ಮಲಗಿದ್ರೆ ಅನ್ನನಾಳ ಹುಣ್ಣಾಗುತ್ತೆ. ಇದಾಗಲ್ಲ ಅಂದ್ರೆ ಕಿಡ್ನಿ ಪರೀಕ್ಷೆ ಮಾಡಿಸಿ, ವರ್ಷಕ್ಕೊಮ್ಮೆ ಝೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಡ್ರಿಪ್. ತುಂಬಾ ಮಣಿ ಕುಸಿದಿದ್ರೆ ಮೂಳೆ ಬೆಳೆಸೋ ಟೆರಿಪ್ಯಾರಟೈಡ್ ಇದೆ, ದಿನಾ ಚುಚ್ಚುಮದ್ದು.

"ಅಲೆಂಡ್ರೋನೇಟಿಂದ ದವಡೆ ಕೊಳೆಯುತ್ತಂತೆ." ಅಪರೂಪ ಕಣ್ರೀ! ಹಲ್ಲು ಕೀಳಿಸೋದಿದ್ರೆ ಮೊದಲೇ ಕೀಳಿಸಿ. "ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನಲ್ಲಿ ಆಸ್ಟಿಯೋಪೊರೋಸಿಸ್ ಗೆರೆ ಮೈನಸ್ 2.5 ಬಂದಿಲ್ಲ." ಬಗ್ಗಿದ್ದಕ್ಕೇ ಮಣಿ ಕುಸಿದಿದೆ, ಕ್ಯಾನ್ಸರ್ ಥರದ ಬೇರೆ ಕಾರಣ ಇಲ್ಲ ಅಂದ್ಮೇಲೆ ಇನ್ನೆಂಥ ಸಾಕ್ಷಿ ಬೇಕು?

"ಮಲಗಿಸೇ ಇಡ್ತೀವಿ." ಎರಡು ಮೂರು ದಿನ, ಅಷ್ಟೇ. ಮಲಗಿದಷ್ಟೂ ಮೂಳೆ ಕರಗುತ್ತೆ. ಏಳುವಾಗ ಮಂಡಿ ಮಡಿಸಿ, ಭುಜ ಸೊಂಟ ಒಟ್ಟಿಗೆ ದಿಮ್ಮಿ ಹಾಗೆ ಪಕ್ಕಕ್ಕೆ ಉರುಳಿ, ಕಾಲು ಕೆಳಗೆ ಬಿಡ್ತಾ ಮೊಣಕೈ ಊರಿ ಏಳಬೇಕು. ಕಾಲ್ಬೆರಳು ಮುಟ್ಟೋ ವ್ಯಾಯಾಮ ಬೇಡವೇ ಬೇಡ. ಕಾಲಲ್ಲಿ ಶಕ್ತಿ ಹೋದ್ರೆ, ಮೂತ್ರ ಕಟ್ಟಿದ್ರೆ, ತಕ್ಷಣ ಆಸ್ಪತ್ರೆ. ಏಳೋ ಕ್ರಮ ಮುಂದಿನ ಸಂಚಿಕೇಲಿ ಮಾಡಿ ತೋರಿಸ್ತೀವಿ, ಸಬ್‌ಸ್ಕ್ರೈಬ್ ಮಾಡಿ, ಬೆನ್ನು ಬಗ್ಗಿರೋರು ಮನೇಲಿದ್ರೆ ಅವರ ಜೊತೆ ಕೂತು ನೋಡಿ.

ಆದ್ರೆ ನೋವು ಹೋಯ್ತು ಅಂತ ಮದ್ದು ಬಿಡಬೇಡಿ! ಅದರಲ್ಲೂ ಮೂಳೆ ಸವೆತ ತಡೆಯೋಕೆ 6 ತಿಂಗಳಿಗೊಮ್ಮೆ ಕೊಡೋ ಡೆನೊಸುಮ್ಯಾಬ್ ಚುಚ್ಚುಮದ್ದು. ಅದನ್ನ ಬಿಟ್ಟು ಬೇರೆ ಮದ್ದು ಹಿಡೀದೇ ಇದ್ರೆ, ಅಲ್ಲೀತನಕ ತಡೆದಿದ್ದ ಸವೆತ ಒಮ್ಮೆಗೇ ನುಗ್ಗುತ್ತೆ, ಎರಡು ಮೂರು ಮಣಿ ಒಟ್ಟೊಟ್ಟಿಗೆ ಕುಸಿಯಬಹುದು.

ಕಾಮೆಂಟ್ ಹಾಕಿದವರೇ, ನೀವು ನಿಲ್ಲಿಸಿದ್ದು ಯಾವ ಮದ್ದು? ಆ ಚುಚ್ಚುಮದ್ದೇ ಆಗಿದ್ರೆ ಅಮ್ಮನ ಫೈಲ್ ತೆಗೀರಿ, ಕೊನೇ ಡೋಸಿನ ತಾರೀಖು ನೋಡಿ. 6 ತಿಂಗಳು ದಾಟಿದ್ರೆ ಈ ವಿಡಿಯೋ ಇಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.