ನೀರುಗಂಟಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಮುಳಬಾಗಿಲು ಕಡೆಯ ನಮ್ಮೂರ ಕೆರೆಗೆ ಒಬ್ಬ ನೀರುಗಂಟಿ ಇದ್ದರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹೇಳುವುದು ಎಲ್ಲವೂ ಅವರದೇ. ಸರದಿ ಬಂದಾಗ ನೀರು ಕಟ್ಟಲು ಬಾರದೆ ಮಲಗಿದವನ ಹೊತ್ತೂ ಅವನ ಲೆಕ್ಕಕ್ಕೇ ಹೋಗುತ್ತಿತ್ತು. ಈಗ ಕೋಲಾರದ ಕಾಲೇಜೊಂದರಲ್ಲಿ ಕ್ಲಸ್ಟರ್ ನೋಡಿಕೊಳ್ಳುವ ನಾನು ಮಾಡುತ್ತಿರುವುದೂ ಆ ಕೆಲಸವನ್ನೇ.

ಕ್ಲಸ್ಟರ್ ಎಂದರೆ ಜಾಲದಲ್ಲಿ ಜೋಡಿಸಿ ಒಟ್ಟಿಗೆ ದುಡಿಸುವ ಗಣಕಗಳು. ಮಳೆಯ ಲೆಕ್ಕಾಚಾರದವರು, ಔಷಧದ ಅಣುಗಳನ್ನು ಅಭ್ಯಾಸ ಮಾಡುವವರು, ಎಲ್ಲರಿಗೂ ಇದೊಂದೇ ಕೆರೆ. ಹಂಚುವ ಅಳತೆ ಕೋರ್-ಗಂಟೆ. ಕೋರ್ ಎಂದರೆ ಗಣಕದೊಳಗೆ ಲೆಕ್ಕ ಮಾಡುವ ಒಂದು ಘಟಕ. ಒಂದು ಕೋರ್ ಒಂದು ಗಂಟೆ ನಿಮ್ಮ ಹೆಸರಿನಲ್ಲಿದ್ದರೆ ಒಂದು ಕೋರ್-ಗಂಟೆ. ಹೆಸರಿನಲ್ಲಿದ್ದರೆ ಎಂದೆ, ದುಡಿದರೆ ಎನ್ನಲಿಲ್ಲ. ಎಡವುವುದು ಅಲ್ಲಿಯೇ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬ 96 ಕೋರ್ ಕೇಳಿ ಪಡೆದು, ಶುಕ್ರವಾರ ಸಂಜೆ ಕೆಲಸ ಹಚ್ಚಿ ಊರಿಗೆ ಹೋದ. ಅವನ ಪ್ರೋಗ್ರಾಂ ಬಳಸಿದ್ದು ಒಂದೇ ಕೋರ್. ಸೋಮವಾರ ಸಂಜೆಗೆ 72 ಗಂಟೆ. 96ರಿಂದ ಗುಣಿಸಿದರೆ 6,912. ಅವರ ಗುಂಪಿಗೆ ಇಡೀ ವರ್ಷಕ್ಕೆ ಕೊಟ್ಟಿದ್ದದ್ದು 10,000. ಅವನ ಮಾರ್ಗದರ್ಶಕಿ ಬಂದು, “ಸಾರ್, ಹುಡುಗ ಬಳಸಿದ್ದು ಬರೀ 72 ತಾನೆ?” ಎಂದರು. “ಮಿಕ್ಕ 95 ಕೋರುಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲವಲ್ಲ ಮೇಡಂ” ಎಂದೆ. ಆದರೂ ಆ ಕೋರ್-ಗಂಟೆಗಳಲ್ಲಿ ಅರ್ಧದಷ್ಟನ್ನು ಹಿಂದಿರುಗಿಸಿದೆ. ಮೂರು ದಿನ ನಾನೂ ಒಮ್ಮೆ ಇಣುಕಿ ನೋಡಿರಲಿಲ್ಲ. ನೀರುಗಂಟಿ ರಾತ್ರಿಯೂ ಕಾಲುವೆಯುದ್ದಕ್ಕೆ ನಡೆಯುತ್ತಿದ್ದರು.

ಇನ್ನೊಂದು ಚಾಳಿ, ಮೂರು ಗಂಟೆಯ ಕೆಲಸಕ್ಕೆ ಭಯದಿಂದ 48 ಗಂಟೆ ಕೇಳುವುದು. ಬೇಗ ಮುಗಿದರೆ ಓಡಿದಷ್ಟಕ್ಕೇ ಲೆಕ್ಕ, ನಿಜ. ಆದರೆ ಸರದಿ ನೋಡುವ ಸ್ಲರ್ಮ್ ಎಂಬ ತಂತ್ರಾಂಶ, ಮುಂದಿನ ದೊಡ್ಡ ಕೆಲಸಕ್ಕೆ ಕೋರುಗಳು ಕೂಡಿಬರುವ ತನಕದ ಸಂದಿಯಲ್ಲಿ ಚಿಕ್ಕ ಕೆಲಸಗಳನ್ನು ತೂರಿಸುತ್ತದೆ. 48 ಎಂದು ಬರೆದವನು ಆ ಸಂದಿಯಲ್ಲಿ ಹಿಡಿಸುವುದಿಲ್ಲ. ಕಾಯುತ್ತಾನೆ, ನನ್ನನ್ನು ಬೈಯುತ್ತಾನೆ.

ವರ್ಷದ ಪಾಲನ್ನು ಒಟ್ಟಿಗೆ ಕೊಡುವುದನ್ನೂ ನಿಲ್ಲಿಸಿದ್ದೇವೆ. ಜೂನ್‌ನಲ್ಲಿ ಖಾಲಿ ಕುಳಿತ ಕೋರ್ ಮಾರ್ಚ್‌ಗೆ ಒದಗುವುದಿಲ್ಲ; ಮಾರ್ಚ್‌ನಲ್ಲೋ ಎಲ್ಲರಿಗೂ ಒಮ್ಮೆಲೇ ಬಾಯಾರಿಕೆ. ಈಗ ಮೂರು ತಿಂಗಳಿಗೊಂದು ಕಂತು. ಸರದಿ ನಿರ್ಧರಿಸುವಾಗ ಹಳೆಯ ಬಳಕೆಯನ್ನು ವಾರಕ್ಕೆ ಅರ್ಧದಂತೆ ಸವೆಸುತ್ತೇವೆ: ಈ ವಾರದ 1,000 ಗಂಟೆ ಮುಂದಿನ ವಾರಕ್ಕೆ 500, ಆಮೇಲೆ 250. ಹೋದ ತಿಂಗಳು ಹೆಚ್ಚು ಬಳಸಿದವನು ವರ್ಷವಿಡೀ ಸಾಲಿನ ಕೊನೆಯಲ್ಲಿ ನಿಲ್ಲಬೇಕಿಲ್ಲ.

ಆ ಹುಡುಗ ಈಗ ಏನೇ ಇದ್ದರೂ ಮೊದಲು ನಾಲ್ಕು ಕೋರಿನಲ್ಲಿ ಹತ್ತು ನಿಮಿಷ ಓಡಿಸಿ ನೋಡುತ್ತಾನೆ. ಮೊನ್ನೆ ನನ್ನ ಕೋಣೆಗೆ ಬಂದು, “ಸಾರ್, ಯಾವುದೋ ಒಂದು ಕೆಲಸ ನಿನ್ನೆಯಿಂದ 32 ಕೋರ್ ಹಿಡಿದು ಸುಮ್ಮನೆ ಕುಳಿತಿದೆ” ಎಂದ. ತೆರೆದು ನೋಡಿದೆ. ಪರೀಕ್ಷೆಗೆಂದು ನಾನೇ ಹಚ್ಚಿ ಮರೆತದ್ದು. ನಮಸ್ಕಾರ.