ಮೊದಲು ಲೆಕ್ಕ, ಆಮೇಲೆ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಥಿರಾಸ್ತಿಯಲ್ಲಿ ಹಣ ಹೂಡಲು ಹೊರಟವರಿಗೆ ಸಲಹೆಗಳಿಗೆ ಬರವಿಲ್ಲ. ಯಾವುದನ್ನು ಮೊದಲು ಕಲಿಯಬೇಕು ಎಂಬಲ್ಲಿಯೇ ತೊಡಕು. ಇಂದು ಹರಾಜಿನ ಬಗ್ಗೆ, ನಾಳೆ ಮಳಿಗೆಗಳ ಬಗ್ಗೆ ಕೇಳುತ್ತಾ ಹೋದರೆ ಒಂದೂ ಕೈಗೆ ಹತ್ತುವುದಿಲ್ಲ. ಆದ್ದರಿಂದ ಒಂದೇ ಬಗೆಯ ಆಸ್ತಿ, ಒಂದೇ ಪ್ರದೇಶ ಆರಿಸಿಕೊಳ್ಳಿ. ಬಾಡಿಗೆಗೆ ಕೊಡುವ ಮನೆ ಎಂದಾದರೆ ಸದ್ಯಕ್ಕೆ ಅದಷ್ಟೇ ಸಾಕು.

ಮೊದಲ ಪಾಠ ಲೆಕ್ಕದ್ದು. ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ, ವರ್ಷದ ಬಾಡಿಗೆ 6. ಮಾರುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮನೆ ಖಾಲಿ ಬಿದ್ದ ತಿಂಗಳು, ದುರಸ್ತಿ, ತೆರಿಗೆ, ವಿಮೆ ಎಲ್ಲಕ್ಕೂ 2 ಕಳೆಯಿರಿ, ಉಳಿದದ್ದು 4. ಈಗ ಕೈಯಿಂದ 20 ಹಾಕಿ, ಶೇಕಡಾ 8ರ ಬಡ್ಡಿಗೆ 80 ಸಾಲ ತಂದಿದ್ದೀರಿ ಎನ್ನೋಣ. ಮೊದಲ ವರ್ಷದ ಬಡ್ಡಿಯೇ ಸುಮಾರು 6.4. ಅಸಲಿನ ಮಾತು ಹಾಗಿರಲಿ, ಬಡ್ಡಿಗೇ 2.4 ನಿಮ್ಮ ಜೇಬಿನಿಂದ ಹೋಗುತ್ತದೆ. ಬೆಲೆ ಶೇಕಡಾ 10 ಏರಿದರೆ ನೀವು ಹಾಕಿದ 20ಕ್ಕೆ 10 ಸೇರುತ್ತದೆ, ಅಷ್ಟೇ ಇಳಿದರೆ ಅದರಲ್ಲಿ ಅರ್ಧ ಕರಗಿಹೋಗುತ್ತದೆ. 2008ರ ಸುಮಾರಿಗೆ ಅಮೆರಿಕದಲ್ಲಿ ಮನೆಗಳ ಬೆಲೆ ಕುಸಿದಾಗ, ಲಕ್ಷಾಂತರ ಜನರ ಸಾಲ ಅವರ ಮನೆಯ ಬೆಲೆಯನ್ನೇ ಮೀರಿತ್ತು. ಸಾಲದ ಈ ಎರಡು ಮುಖಗಳನ್ನು ಕಾಗದದ ಮೇಲೆ ಬಿಡಿಸಿ ನೋಡದೆ ಯಾರೂ ಮುಂಗಡ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೆಕ್ಕ ಕೈಗೆ ಬಂದ ಮೇಲೆ ಹಣ ಹಾಕದೆಯೇ ಅಭ್ಯಾಸ ಮಾಡಿ. ನೀವು ಆರಿಸಿದ ಪ್ರದೇಶದಲ್ಲಿ ಮಾರಾಟಕ್ಕಿರುವ ಮನೆಗಳ ಬೆಲೆ, ಸಿಗಬಹುದಾದ ಬಾಡಿಗೆ, ಕೊನೆಗೆ ಕುದುರಿದ ಮೊತ್ತ, ಮೂರನ್ನೂ ಬರೆದಿಡಿ. ಕೆಲವು ತಿಂಗಳು ಹಿಡಿಯುವ, ಬೇಸರ ತರಿಸುವ ಕೆಲಸವಿದು. ಆದರೆ ಹೇಳಿದ ಬೆಲೆಗೂ ನಿಜವಾದ ಬೆಲೆಗೂ ಇರುವ ಅಂತರ ತಿಳಿಯುವುದು ಇಲ್ಲಿಯೇ.

ಕಾಗದಪತ್ರಗಳ ವಿಷಯದಲ್ಲಿ ಬೇರೆ ದೇಶದವರ ಪಾಠ ನಿಮಗೆ ಆಗಿಬರುವುದಿಲ್ಲ, ಕಾನೂನು ಆಯಾ ನೆಲದ್ದು. ಹಕ್ಕು ಯಾರದು, ಆಸ್ತಿಯ ಮೇಲೆ ಹಳೆಯ ಸಾಲವಿದೆಯೇ, ವಾರಸುದಾರರ ತಕರಾರಿದೆಯೇ, ಆ ಜಾಗವನ್ನು ಯಾವ ಬಳಕೆಗೆ ಒಪ್ಪಿದ್ದಾರೆ ಎಂಬುದನ್ನು ಸ್ಥಳೀಯ ವಕೀಲರ ಬಳಿ ಕುಳಿತು ಓದಲು ಕಲಿಯಿರಿ. ಪಾಠ ಹೇಳುವವರೇ ಕೊನೆಗೆ ಆಸ್ತಿಯನ್ನೂ ಮಾರಲು ಬಂದರೆ ಎಚ್ಚರವಿರಲಿ.

ಮನೆ ನೋಡಿಕೊಳ್ಳುವ ವ್ಯವಧಾನವಿಲ್ಲದವರು ರಿಯಲ್ ಎಸ್ಟೇಟ್ ಹೂಡಿಕೆ ಟ್ರಸ್ಟ್‌ಗಳ ಬಗ್ಗೆ ಓದಬಹುದು. ಅನೇಕರ ಹಣ ಒಟ್ಟುಗೂಡಿಸಿ, ಬಾಡಿಗೆ ತರುವ ಆಸ್ತಿಗಳಲ್ಲಿ ಹೂಡಿ, ಬಂದ ಆದಾಯವನ್ನು ಅವರಿಗೆ ಹಂಚುವ ಸಂಸ್ಥೆಗಳಿವು. 1960ರಲ್ಲಿ ಅಮೆರಿಕ ಅವುಗಳಿಗೆ ಕಾನೂನು ರೂಪಿಸಿತು, ಈಗ ಅನೇಕ ದೇಶಗಳಲ್ಲಿವೆ.

ಮೊದಲ ಮನೆಯನ್ನು ನೋಡಲು ಹೋಗುವಾಗ ಎರಡು ತಿಂಗಳು ಬಾಡಿಗೆ ಬಾರದೆ, ಬಡ್ಡಿಯೂ ಶೇಕಡಾ 8ರಿಂದ 10ಕ್ಕೆ ಏರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಹೋಗಿ. ಆಗಲೂ ಕಂತು ಕಟ್ಟಬಲ್ಲಿರಾದರೆ ಮಾತುಕತೆಗೆ ಕುಳಿತುಕೊಳ್ಳಿ. ನಮಸ್ಕಾರ.