ಸಾಲಿನ ಮೇಲೆ ಕುಪ್ಪಳಿಸುವ ಕಣ್ಣು

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಯಾರಾದರೂ ಪೇಪರ್ ಓದುತ್ತಿದ್ದರೆ ಎದುರಿಗೆ ಕೂತು ಅವರ ಕಣ್ಣನ್ನೇ ಗಮನಿಸಿ. ಸಾಲಿನ ಮೇಲೆ ಕಣ್ಣು ನೀರಿನಂತೆ ಹರಿಯುತ್ತದೆ ಅಂದುಕೊಂಡಿರುತ್ತೇವೆ, ಅಲ್ವಾ? ಇಲ್ಲ, ಅದು ಕಪ್ಪೆಯಂತೆ ಕುಪ್ಪಳಿಸುತ್ತದೆ. ಸೆಕೆಂಡಿನ ಕಾಲು ಭಾಗದಷ್ಟು ನಿಂತು ಮುಂದಕ್ಕೆ ಹಾರುತ್ತದೆ. ಆಗಾಗ ಹಿಂದಕ್ಕೂ ಬರುತ್ತದೆ. ಓದಲು ಕಷ್ಟಪಡುವ ಮಗುವಿನ ಕಣ್ಣು ಜಾಸ್ತಿ ಹೊತ್ತು ನಿಲ್ಲುತ್ತದೆ, ಗಿಡ್ಡ ಹೆಜ್ಜೆ ಹಾಕುತ್ತದೆ.

ಸ್ವೀಡನ್ನಿನ ಕ್ರೊನೊಬರ್ಗ್‌ನಲ್ಲಿ ಸುಮಾರು ಮೂವತ್ತೈದು ವರ್ಷಗಳ ಹಿಂದೆ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಓದನ್ನು ಪರೀಕ್ಷಿಸಿದರು. ಅವರಲ್ಲಿ ಕೆಲವರನ್ನು ಆರಿಸಿ, ಕನ್ನಡಕದಂಥ ಸಾಧನ ಹಾಕಿ ಓದಿಸಿದರು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಅವರ ನೋಟದ ಜಾಡು ದಾಖಲಾಯಿತು. ಆ ಹಳೆಯ ದಾಖಲೆಗಳನ್ನೇ ಮುಂದೆ ಕಂಪ್ಯೂಟರಿಗೆ ಕಲಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. 185 ಮಕ್ಕಳು. ಒಬ್ಬೊಬ್ಬರದೂ ಒಂದು ನಿಮಿಷಕ್ಕಿಂತ ಕಡಿಮೆ ಓದು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಗುರುತಿಸಿ ಸರಾಗವಾಗಿ ಓದಲು ಕಷ್ಟವಾಗುವ ತೊಂದರೆ, ಅದರ ಅಪಾಯ ಇರುವವರು ಯಾರು, ಇಲ್ಲದವರು ಯಾರು ಎಂದು ಯಂತ್ರ ನೂರಕ್ಕೆ ಸುಮಾರು 95 ಸಲ ಸರಿಯಾಗಿ ಹೇಳಿತು.

ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಲೆಕ್ಕ ಹಾಕೋಣ. ಆ ಗುಂಪಿನಲ್ಲಿ ಅರ್ಧಕ್ಕರ್ಧ ಕಷ್ಟವಿದ್ದ ಮಕ್ಕಳೇ ಇದ್ದರು. ಮಾಮೂಲಿ ಶಾಲೆಗಳಲ್ಲಿ ಹಾಗಿರುವುದಿಲ್ಲ. ಸಾವಿರ ಮಕ್ಕಳಲ್ಲಿ ಐವತ್ತು ಮಂದಿಗೆ ತೊಂದರೆ ಇದೆ ಎಂದಿಟ್ಟುಕೊಳ್ಳಿ. ಯಂತ್ರ ನಲವತ್ತೇಳು, ನಲವತ್ತೆಂಟು ಮಂದಿಯನ್ನು ಹಿಡಿಯುತ್ತದೆ. ಉಳಿದ 950 ಮಕ್ಕಳಲ್ಲಿ ನೂರಕ್ಕೆ ಐದರ ತಪ್ಪು ಎಂದರೆ, ಏನೂ ತೊಂದರೆ ಇಲ್ಲದ ಹೆಚ್ಚೂಕಮ್ಮಿ ಅಷ್ಟೇ ಮಕ್ಕಳನ್ನೂ ಹಿಡಿಯುತ್ತದೆ! ಹಾಗಾಗಿ ಯಂತ್ರ ಹೇಳಿದ್ದನ್ನೇ ಸರ್ಟಿಫಿಕೇಟ್ ಎಂದುಕೊಳ್ಳಬಾರದು. ಯಾರನ್ನು ಮೊದಲು ಕೂರಿಸಿಕೊಂಡು ನೋಡಬೇಕು ಅನ್ನುವುದಕ್ಕಷ್ಟೇ ಅದು.

ಇನ್ನೊಂದು ಮಾತು. ಇಲ್ಲಿ ಕಣ್ಣಿನದು ತಪ್ಪಲ್ಲ. ಅಕ್ಷರವನ್ನು ದನಿಗೆ ಜೋಡಿಸುವಾಗ ತಲೆಯೊಳಗೆ ಆಗುವ ತಡವರಿಕೆ ಕಣ್ಣಿನಲ್ಲಿ ಕಾಣಿಸುತ್ತದೆ, ಅಷ್ಟೇ. ಕಣ್ಣಿಗೆ ವ್ಯಾಯಾಮ ಮಾಡಿಸಿ ಡಿಸ್ಲೆಕ್ಸಿಯಾ ವಾಸಿ ಮಾಡುತ್ತೇವೆ ಎನ್ನುವವರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಸ್ವೀಡಿಷ್ ಓದಿನಲ್ಲಿ ಪಳಗಿದ ಯಂತ್ರವನ್ನು ಹಾಗೇ ತಂದು ನಮ್ಮ ಮಕ್ಕಳ ಮುಂದೆ ಇಡಲೂ ಆಗುವುದಿಲ್ಲ. ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ‘ಅಕ್ಕ’ ಎಂದು ಓದಬೇಕಾದರೂ ‘ಕ’ದ ಕೆಳಗೊಂದು ಒತ್ತು. ‘ರಾಷ್ಟ್ರ’ದಲ್ಲಿ ಎರಡು. ಎರಡನೇ ಕ್ಲಾಸಿನ ಚೆನ್ನಾಗಿ ಓದುವ ಮಗುವೂ ಅಲ್ಲಿ ಒಂದು ಗಳಿಗೆ ನಿಲ್ಲಬಹುದು. ಹಾಗೆ ನಿಂತದ್ದು ತೊಂದರೆಯಿಂದಲೋ, ಬರೀ ಒತ್ತಕ್ಷರದಿಂದಲೋ? ಯಂತ್ರಕ್ಕೆ ಅದನ್ನು ಕಲಿಸಬೇಕಾದರೆ ಮೊದಲು ಕನ್ನಡ ಓದುವ ನೂರಾರು ಮಕ್ಕಳ ಕಣ್ಣಿನ ಜಾಡು ಬೇಕು. ನಮಸ್ಕಾರ.